ಜೇಡರಹುಳುವಿನ ನೆರೆಯವನಾದ ಫಾಬ್ರೆ ಮಹಾಶಯನು

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ರಸ್ತೆಯಲ್ಲಿ ಗುಂಡ್ಲುಪೇಟೆಯನ್ನು ದಾಟಿ ತೆಂಕಣ ದಿಕ್ಕಿಗೆ ನಡೆದರೆ ಹಂಗಳವೆಂಬ ಗ್ರಾಮವು ದೊರೆಯುವುದು. ಅಲ್ಲಿಂದ ಮುಂದಕ್ಕೆ ಒಂದು ಕಡೆ ಹಿಮವದ್ಗೋಪಾಲಸ್ವಾಮಿಯ ಬೆಟ್ಟವೂ ಇನ್ನೊಂದು ಕಡೆ ಬಂಡೀಪುರದ ಅರಣ್ಯವೂ ಇರುವುವು. ಮಳೆಗಾಲವು ಹಿಂದಾಗಿ ಚಳಿಯು ಕಾಲಿಡುವ ದಿನಗಳಲ್ಲಿ ಮುಂಜಾನೆ ಆ ಊರಿನ ಹೊಲಗಳ ಬದುಗಳ ಮೇಲೆ ನಡೆದವರು ಒಂದು ನೋಟವನ್ನು ಕಂಡೇ ಇರುವರು. ಬೇಲಿಯ ಪೊದೆಗಳಲ್ಲಿ ಜೇಡರಹುಳುಗಳ ಬಲೆಗಳು ಇಬ್ಬನಿಯ ಹನಿಗಳನ್ನು ಹೊತ್ತು ಬಿಸಿಲಿಗೆ ಮಿನುಗುತ್ತಿರುತ್ತವೆ. ಒಂದು ಬಲೆಯ ನಡುವೆ ಜೇಡವೊಂದು ತಲೆಕೆಳಗಾಗಿ ಕುಳಿತು, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಬಲೆಯ ಮೇಲೆ ಅಂಕುಡೊಂಕಾದ ಬಿಳಿಯ ಗೆರೆಯನ್ನು ಹೆಣೆದಿರುವುದು. ಇನ್ನೊಂದು ಜಾತಿಯ ಜೇಡಗಳು ಮುಳ್ಳುಗಿಡದಲ್ಲಿ ಹತ್ತಿಯ ಉಂಡೆಯಂತಹ ಗೂಡನ್ನು ಕಟ್ಟಿ, ಹತ್ತಾರು ನೂರಾರು ಸಂಖ್ಯೆಯಲ್ಲಿ ಒಟ್ಟಾಗಿ ಸಂಸಾರ ಮಾಡುವುವು.

ನಾವು ಇವುಗಳನ್ನು ಕಂಡೆವೇ ಹೊರತು ನಿಂತು ನೋಡಿದವರು ಎಷ್ಟು ಮಂದಿ? ಮನೆಯ ಮೂಲೆಯಲ್ಲಿ ಜೇಡನ ಬಲೆಯು ಕಂಡರೆ ಪೊರಕೆಯನ್ನು ಎತ್ತುವುದು ನಮಗೆಲ್ಲರಿಗೂ ಚಿಕ್ಕಂದಿನಿಂದ ಕಲಿಸಲ್ಪಟ್ಟ ಪಾಠವಾಗಿರುತ್ತದೆ. ಹೆಣ್ಣುಮಕ್ಕಳಿಗಂತೂ ಹುಳುಗಳನ್ನು ಕಂಡರೆ ಹೆದರಬೇಕೆಂಬುದನ್ನು ಸಹ ಹಿರಿಯರು ಕಲಿಸಿಬಿಡುತ್ತಾರೆ. ಆದುದರಿಂದ ಈ ಸಂಚಿಕೆಯಲ್ಲಿ, ಜೇಡಗಳ ಮುಂದೆ ವರ್ಷಗಟ್ಟಲೆ ಮೊಣಕಾಲೂರಿ ಕುಳಿತಿದ್ದ ಒಬ್ಬ ಬಡ ಉಪಾಧ್ಯಾಯನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಹೇಳಬೇಕೆಂದು ಬಗೆದೆವು. ಈತನು ಫ್ರಾನ್ಸ್ ದೇಶದ ಜೀನ್ ಹೆನ್ರಿ ಫಾಬ್ರೆ. ಈತನನ್ನೇ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಹೆಣ್ಣುಮಕ್ಕಳಿಗೆ ಶಾಸ್ತ್ರವನ್ನು ಕಲಿಸಿದ ಅಪರಾಧಕ್ಕಾಗಿ ಈತನು ತನ್ನ ಉದ್ಯೋಗವನ್ನೂ ವಾಸದ ಮನೆಯನ್ನೂ ಕಳೆದುಕೊಂಡನು. ನಮ್ಮಂತಹ ಶಾಲೆಯು ಈ ಸಂಗತಿಯನ್ನು ಮರೆಯಲಾಗದು.

ಫಾಬ್ರೆಯು ೧೮೨೩ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ಸಾಂ ಲಿಯೋನ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ತಾಯಿತಂದೆಗಳು ಕಡುಬಡವರು. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಲು ಮಗುವನ್ನು ಬೆಟ್ಟದ ಸೀಮೆಯ ಮಲವಾಲ್ ಎಂಬಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಅಜ್ಜ ಅಜ್ಜಿಯರ ಬಳಿಗೆ ಕಳುಹಿಸಿದರು. ಅಲ್ಲಿ ದನಕುರಿಗಳ ನಡುವೆ ಓಡಾಡಿಕೊಂಡು, ಹುಲ್ಲಿನೊಳಗಣ ಹುಳುಗಳ ದನಿಗೆ ಕಿವಿಗೊಡುತ್ತಾ ಬಾಲಕನು ಬೆಳೆದನು. ಹತ್ತು ವರ್ಷದವನಾಗಿದ್ದಾಗ ತಂದೆಯು ರೊಡೇಸ್ ಪಟ್ಟಣಕ್ಕೆ ಬಂದು ಕಾಫಿಯಂಗಡಿಯನ್ನು ಇಟ್ಟನು. ಅಲ್ಲಿಯ ಕಾಲೇಜಿನ ದೇವಾಲಯದಲ್ಲಿ ಆರಾಧನೆಯ ಹೊತ್ತಿನಲ್ಲಿ ಸೇವೆ ಮಾಡುವ ಹುಡುಗನಾಗಿ ನಿಂತುದರಿಂದ ಬಾಲಕನಿಗೆ ವಿದ್ಯೆಯು ಪುಕ್ಕಟೆಯಾಗಿ ದೊರೆಯಿತು.

ತಂದೆಯ ವ್ಯಾಪಾರವು ಎಲ್ಲಿಯೂ ಊರ್ಜಿತವಾಗಲಿಲ್ಲ. ಕುಟುಂಬವು ಊರಿಂದೂರಿಗೆ ಅಲೆದು ಕಡೆಗೆ ಚದುರಿಹೋಯಿತು. ಆ ದಿನಗಳಲ್ಲಿ ಬಾಲಕ ಫಾಬ್ರೆಯು ಜಾತ್ರೆಯಲ್ಲಿ ನಿಂಬೆಯ ಹಣ್ಣನ್ನು ಮಾರಿದನು. ರೈಲು ದಾರಿಯನ್ನು ಹಾಕುತ್ತಿದ್ದಲ್ಲಿ ಕೂಲಿಯಾಗಿ ದುಡಿದನು. ಹೀಗಿರಲು ಆವಿನ್ಯೋನ್ ಪಟ್ಟಣದ ಉಪಾಧ್ಯಾಯರ ತರಬೇತಿ ಶಾಲೆಗೆ ವಿದ್ಯಾರ್ಥಿ ವೇತನದ ಪರೀಕ್ಷೆಯು ನಡೆಯುವುದೆಂದು ತಿಳಿದು, ಅದಕ್ಕೆ ಕುಳಿತು ತೇರ್ಗಡೆಯಾದನು. ೧೮೪೨ರಲ್ಲಿ ಹತ್ತೊಂಬತ್ತು ವರ್ಷವೂ ತುಂಬುವುದಕ್ಕೆ ಮೊದಲೇ ಕಾರ್ಪಾಂತ್ರಾಸ್ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ವರ್ಷಕ್ಕೆ ಏಳುನೂರು ಫ್ರಾಂಕುಗಳ ಸಂಬಳ. ಎರಡು ವರ್ಷಗಳ ತರುವಾಯ ವಿವಾಹವೂ ಆಯಿತು.

ಈ ಊರಿನಲ್ಲಿಯೇ ಈತನ ಬಾಳಿನ ದಾರಿಯು ತೆರೆಯಿತು. ಭೂಮಿಯನ್ನು ಅಳೆಯುವ ವಿದ್ಯೆಯನ್ನು ಕಲಿಸುವುದಕ್ಕಾಗಿ ಹುಡುಗರನ್ನು ಊರ ಹೊರಗಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದನು. ಹುಡುಗರು ಅಳತೆಯ ಕೋಲನ್ನು ಬಿಟ್ಟು ಬೆಣಚುಕಲ್ಲುಗಳ ಬಳಿ ಬಗ್ಗಿ ನಿಲ್ಲುವುದನ್ನು ಕಂಡು ವಿಚಾರಿಸಲು, ಮಣ್ಣಿನ ಗೂಡು ಕಟ್ಟುವ ಒಂದು ಜಾತಿಯ ಜೇನು ಆ ಕಲ್ಲುಗಳಿಗೆ ಅಂಟಿಕೊಂಡಿದ್ದುದೂ, ಹುಡುಗರು ಹುಲ್ಲಿನ ಕಡ್ಡಿಯಿಂದ ಆ ಜೇನನ್ನು ಹೀರುತ್ತಿದ್ದುದೂ ತಿಳಿದುಬಂದಿತು. ಉಪಾಧ್ಯಾಯನು ದಂಡಿಸಲಿಲ್ಲ, ತಾನೂ ಬಗ್ಗಿ ನೋಡಿದನು. ಆ ಜೇನುಹುಳುವಿನ ಹೆಸರನ್ನು ತಿಳಿಯುವುದಕ್ಕಾಗಿ ಒಂದು ತಿಂಗಳ ಸಂಬಳದಷ್ಟು ಬೆಲೆಯ ಕೀಟಶಾಸ್ತ್ರದ ಗ್ರಂಥವೊಂದನ್ನು ಕೊಂಡುಕೊಂಡನು. ಮನೆಯಲ್ಲಿ ಒಲೆಯುರಿಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಅಂತಹ ಖರ್ಚನ್ನು ಮಾಡಿದುದು ವಿವೇಕವೋ ಅವಿವೇಕವೋ ನಾವು ಹೇಳಲಾರೆವು.

ಬಳಿಕ ೧೮೪೯ರಲ್ಲಿ ಕಾರ್ಸಿಕ ದ್ವೀಪದ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕನಾಗಿ ಹೋದನು. ಅಲ್ಲಿ ಮೋಕೆನ್ ತಾಂಡೋನ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನು ಈತನ ಅತಿಥಿಯಾಗಿ ಬಂದು, ಊಟದ ಮೇಜಿನ ಮೇಲೆಯೇ ನೀರು ತುಂಬಿದ ಪಾತ್ರೆಯಲ್ಲಿ ಬಸವನಹುಳುವನ್ನಿಟ್ಟು ಅದರ ಅಂಗಾಂಗಗಳನ್ನು ಬಿಡಿಸಿ ತೋರಿಸಿದನು. ಗಣಿತವನ್ನು ಬಿಟ್ಟು ಜೀವಿಗಳ ಕಡೆಗೆ ತಿರುಗಬೇಕೆಂದು ಆತನು ಕೊಟ್ಟ ಬುದ್ಧಿವಾದವು ಫಾಬ್ರೆಯ ಮನಸ್ಸಿನಲ್ಲಿ ನಿಂತಿತು. ಆದರೆ ದ್ವೀಪದ ಚಳಿಜ್ವರವು ಬಿಡದಿದ್ದುದರಿಂದ ಊರಿಗೆ ಮರಳಿ, ೧೮೫೩ರಿಂದ ಆವಿನ್ಯೋನಿನ ಪ್ರೌಢವಿದ್ಯಾಲಯದಲ್ಲಿ ನೆಲೆಸಿದನು.

ಅಲ್ಲಿ ಬಿಡುವಿನ ದಿನಗಳಲ್ಲಿ ಕಣಜದ ಹುಳುಗಳನ್ನು ನೋಡುತ್ತಾ ಒಂದು ಹೊಸ ಸಂಗತಿಯನ್ನು ಕಂಡುಹಿಡಿದನು. ಒಂದು ಜಾತಿಯ ಕಣಜವು ದುಂಬಿಗಳನ್ನು ಕುಟುಕಿ ತನ್ನ ಮರಿಗಳಿಗಾಗಿ ನೆಲದೊಳಗೆ ಕೂಡಿಡುವುದು. ಆ ದುಂಬಿಗಳು ಕೊಳೆಯದೆ ಇರುವುದೇತಕ್ಕೆಂದು ಪಂಡಿತರು ಆಶ್ಚರ್ಯಪಡುತ್ತಿದ್ದರು. ಹೆಣವು ಕೆಡದಂತೆ ಯಾವುದೋ ಔಷಧವನ್ನು ಕಣಜವು ಹಾಕುವುದೆಂದು ಹಿರಿಯ ಶಾಸ್ತ್ರಜ್ಞನಾದ ಲಿಯೋನ್ ದ್ಯುಫೂರ್ ಬರೆದಿದ್ದನು. ದುಂಬಿಯು ಸತ್ತೇ ಇಲ್ಲವೆಂದೂ, ಅದರ ನರಗಳ ಕೇಂದ್ರಕ್ಕೆ ಕೊಂಡಿ ತಗಲಿದುದರಿಂದ ಚಲನೆಯು ಮಾತ್ರ ಉಡುಗಿಹೋಗಿದೆಯೆಂದೂ ಫಾಬ್ರೆಯು ತೋರಿಸಿಕೊಟ್ಟನು. ೧೮೫೬ರಲ್ಲಿ ಫ್ರಾನ್ಸಿನ ವಿದ್ವತ್ಸಂಸ್ಥೆಯು ಈತನಿಗೆ ಬಹುಮಾನವನ್ನಿತ್ತಿತು. ಚಾರ್ಲ್ಸ್ ಡಾರ್ವಿನ್ನನು ಈತನನ್ನು ಸರಿಸಾಟಿಯಿಲ್ಲದ ವೀಕ್ಷಕನೆಂದು ಕೊಂಡಾಡಿದನು.

ಕೀರ್ತಿಯು ಬಂದರೂ ಹಣವು ಬರಲಿಲ್ಲ. ಮಂಜಿಷ್ಠದ ಬೇರಿನಿಂದ ಶುದ್ಧವಾದ ಕೆಂಪು ಬಣ್ಣವನ್ನು ತೆಗೆಯುವ ಉಪಾಯವನ್ನು ಫಾಬ್ರೆಯು ಅನೇಕ ವರ್ಷ ಶ್ರಮಪಟ್ಟು ಕಂಡುಹಿಡಿದನು. ಅದರಿಂದ ಬರುವ ಹಣದಿಂದ ಸಂಸಾರದ ಚಿಂತೆಯನ್ನು ಕಳೆದುಕೊಂಡು ಹುಳುಗಳ ವ್ಯಾಸಂಗಕ್ಕೆ ಬದುಕನ್ನು ಮುಡಿಪಾಗಿಡಬೇಕೆಂಬುದು ಆತನ ಹಂಬಲ. ಅಷ್ಟರಲ್ಲಿ ೧೮೬೮ರಲ್ಲಿ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಅದೇ ಬಣ್ಣವನ್ನು ಕಲ್ಲಿದ್ದಲಿನ ಟಾರಿನಿಂದ ತಯಾರಿಸಿಬಿಟ್ಟರು. ಮಂಜಿಷ್ಠದ ಬೆಳೆಯೂ ಅಳಿಯಿತು. ಫಾಬ್ರೆಯ ಆಶೆಯೂ ಅಳಿಯಿತು.

ಈಗ ನಾವು ಮೊದಲಲ್ಲಿ ಸೂಚಿಸಿದ ಪ್ರಸಂಗಕ್ಕೆ ಬರುತ್ತೇವೆ. ಆಗ ಫ್ರಾನ್ಸಿನಲ್ಲಿ ವಿದ್ಯಾಮಂತ್ರಿಯಾಗಿದ್ದ ವಿಕ್ಟರ್ ದ್ಯುರ್ವಿ ಎಂಬಾತನು ಹೆಣ್ಣುಮಕ್ಕಳಿಗೂ ಪ್ರೌಢವಿದ್ಯೆಯು ಬೇಕೆಂದು ನಂಬಿದವನು. ೧೮೬೭ರಲ್ಲಿ ಊರೂರಿನಲ್ಲಿಯೂ ಅವರಿಗಾಗಿ ತರಗತಿಗಳನ್ನು ತೆರೆಯಬೇಕೆಂದು ಆತನು ಆಜ್ಞಾಪಿಸಿದನು. ಆವಿನ್ಯೋನಿನಲ್ಲಿ ಸಾಂ ಮಾರ್ಸಿಯಾಲ್ ಎಂಬ ಹಳೆಯ ಮಠದ ಕಟ್ಟಡದಲ್ಲಿ ಫಾಬ್ರೆಯು ಆ ಪಾಠಗಳನ್ನು ಕೈಕೊಂಡನು. ನಾವು ಉಸಿರಾಡುವ ಗಾಳಿ, ಕುಡಿಯುವ ನೀರು, ಮಿಂಚು, ಸಿಡಿಲು, ಒಲೆಯ ಉರಿ, ಹೂವು, ಹಣ್ಣು ಇವೆಲ್ಲವೂ ಆತನ ಪಾಠದ ವಿಷಯಗಳಾಗಿದ್ದುವು. ಮನೆಗೆಲಸದ ನಡುವೆ ದಿನವೂ ಕೈಯಿಂದ ಮುಟ್ಟುವ ವಸ್ತುಗಳಲ್ಲಿ ಇಷ್ಟು ಅರ್ಥವಡಗಿದೆಯೆಂದು ಆ ತರುಣಿಯರು ಅದುವರೆಗೆ ಅರಿತಿರಲಿಲ್ಲ. ತರಗತಿಯು ತುಂಬಿತು.

ಒಂದು ದಿನ ಹೂವಿನ ಪರಾಗವು ಅಂಡಾಶಯವನ್ನು ಸೇರಿ ಕಾಯಿಯಾಗುವ ಕ್ರಮವನ್ನು ಆತನು ವಿವರಿಸಿದನು. ಇಂದು ನಮ್ಮ ಕೆಳತರಗತಿಯ ಬಾಲಿಕೆಯರು ಕಲಿಯುವ ಪಾಠವಿದು. ಆದರೆ ಅಂದು ಊರಿನಲ್ಲಿ ಗದ್ದಲವೆದ್ದಿತು. ಅವಿವಾಹಿತೆಯರಾದ ಹೆಣ್ಣುಮಕ್ಕಳ ಮುಂದೆ ಇಂತಹ ಮಾತುಗಳನ್ನಾಡಿದ ಮನುಷ್ಯನು ಅಪಾಯಕಾರಿಯೆಂದು ಜನರು ಆಡಿಕೊಂಡರು. ದೇವಾಲಯದ ಉಪದೇಶಪೀಠದಿಂದಲೂ ಆತನ ಮೇಲೆ ದೂಷಣೆಯು ಬಂದಿತು. ಧರ್ಮದ ಹೆಸರಿನಿಂದ ನಡೆದ ಈ ಅನ್ಯಾಯವನ್ನು ನಾವು ಮರೆಮಾಚತಕ್ಕುದಲ್ಲ. ೧೮೬೯ರಲ್ಲಿ ದ್ಯುರ್ವಿಯು ಅಧಿಕಾರವನ್ನು ಕಳೆದುಕೊಂಡನು. ಫಾಬ್ರೆಗೆ ಬೆಂಬಲವಾಗಿ ನಿಲ್ಲುವವರಿಲ್ಲವಾಯಿತು. ಆತನು ವಾಸವಾಗಿದ್ದ ಮನೆಯು ಇಬ್ಬರು ಅವಿವಾಹಿತ ವೃದ್ಧೆಯರದು. ಅವರೂ ಊರಿನ ಮಾತಿಗೆ ಕಿವಿಗೊಟ್ಟು, ಒಂದು ತಿಂಗಳೊಳಗೆ ಮನೆಯನ್ನು ಬಿಟ್ಟುಹೋಗಬೇಕೆಂದು ಆತನಿಗೆ ನೋಟೀಸನ್ನು ಕೊಡಿಸಿದರು. ಕರಾರು ಪತ್ರವನ್ನು ಬರೆಯಿಸಿಕೊಂಡಿರಲಿಲ್ಲವಾದುದರಿಂದ ನ್ಯಾಯ ಕೇಳಲು ದಾರಿಯಿರಲಿಲ್ಲ. ಹೆಂಗಸರಿಗೆ ವಿದ್ಯೆ ಹೇಳಿದವನನ್ನು ಹೆಂಗಸರೇ ಬೀದಿಗಟ್ಟಿದುದನ್ನು ನೆನೆದರೆ, ವಿದ್ಯೆಯನ್ನು ದೂರವಿಟ್ಟ ಸಮಾಜವು ತನಗೆ ತಾನೇ ಎಷ್ಟು ಕೇಡನ್ನು ಮಾಡಿಕೊಳ್ಳುವುದೆಂಬುದು ಮನವರಿಕೆಯಾಗುವುದು.

ಹೆಂಡತಿ, ಮಕ್ಕಳು, ಪುಸ್ತಕಗಳು, ಹುಳುಗಳ ಪೆಟ್ಟಿಗೆಗಳು, ಕೈಯಲ್ಲಿ ಕಾಸಿಲ್ಲ. ಅದೇ ೧೮೭೦ರಲ್ಲಿ ಜರ್ಮನರೊಡನೆ ಯುದ್ಧವು ಆರಂಭವಾಗಿ, ಪ್ಯಾರಿಸ್ ನಗರದ ಪ್ರಕಾಶಕನಿಂದ ಬರತಕ್ಕ ಹಣವೂ ನಿಂತುಹೋಯಿತು. ಆಗ ಆತನಿಗೆ ಜ್ಞಾಪಕಕ್ಕೆ ಬಂದವನು ಇಂಗ್ಲೆಂಡಿನ ತತ್ತ್ವಜ್ಞಾನಿಯಾದ ಜಾನ್ ಸ್ಟುವರ್ಟ್ ಮಿಲ್. ಮಿಲ್ಲನ ಪತ್ನಿಯು ಆವಿನ್ಯೋನಿನಲ್ಲಿ ೧೮೫೮ರಲ್ಲಿ ತೀರಿಕೊಂಡಿದ್ದುದರಿಂದ ಆತನು ಅವಳ ಸಮಾಧಿಯ ಸಮೀಪದಲ್ಲಿಯೇ ಮನೆಯನ್ನು ಕೊಂಡು ವರ್ಷದ ಬಹುಕಾಲ ಅಲ್ಲಿರುತ್ತಿದ್ದನು. ಗಿಡಮೂಲಿಕೆಗಳನ್ನು ಹುಡುಕುತ್ತಾ ಗುಡ್ಡಗಳಲ್ಲಿ ಅಲೆಯುವ ಹವ್ಯಾಸವು ಇಬ್ಬರನ್ನೂ ಸ್ನೇಹಿತರನ್ನಾಗಿ ಮಾಡಿತ್ತು. ಸ್ತ್ರೀಯರು ಪುರುಷರಿಗೆ ಸಮಾನರೆಂದು ವಾದಿಸಿ ೧೮೬೯ರಲ್ಲಿ ಗ್ರಂಥವನ್ನು ಪ್ರಕಟಿಸಿದವನೂ ಈ ಮಿಲ್ಲನೇ. ಫಾಬ್ರೆಯ ಸಂಕಟವನ್ನು ಕೇಳಿದೊಡನೆ ಪತ್ರವನ್ನಾಗಲಿ ಸಾಕ್ಷಿಯನ್ನಾಗಲಿ ಬಯಸದೆ ಆತನು ಮೂರು ಸಾವಿರ ಫ್ರಾಂಕುಗಳನ್ನು ಕಳುಹಿಸಿಕೊಟ್ಟನು. ಫಾಬ್ರೆಯು ಓರಾಂಜ್ ಎಂಬ ಊರಿಗೆ ಹೋಗಿ ನೆಲೆಸಿ, ಉದ್ಯೋಗದ ಆಶೆಯನ್ನು ಬಿಟ್ಟು, ಹಗಲೂ ಇರುಳೂ ಮಕ್ಕಳಿಗಾಗಿ ಶಾಸ್ತ್ರದ ಪಾಠಪುಸ್ತಕಗಳನ್ನು ಬರೆದು ಜೀವಿಸಿದನು. ಸಾಲವನ್ನು ಪೂರ್ತಿಯಾಗಿ ತೀರಿಸಿದನು.

ಓರಾಂಜಿನಲ್ಲಿ ಇನ್ನೊಂದು ಪೆಟ್ಟು ಬಿದ್ದಿತು. ಹುಳುಗಳ ವ್ಯಾಸಂಗದಲ್ಲಿ ತಂದೆಗೆ ಬಲಗೈಯಾಗಿದ್ದ ಜೂಲ್ ಎಂಬ ಮಗನು ೧೮೭೭ರಲ್ಲಿ ಹದಿನಾರನೆಯ ವಯಸ್ಸಿನಲ್ಲಿಯೇ ತೀರಿಹೋದನು. ತಂದೆಯೂ ಹಾಸಿಗೆ ಹಿಡಿದನು. ಚೇತರಿಸಿಕೊಂಡ ಮೇಲೆ ತಾನು ಕಂಡ ಹೊಸ ಜಾತಿಯ ಕಣಜಗಳಿಗೆ ಮಗನ ಹೆಸರನ್ನೇ ಇಟ್ಟನು.

೧೮೭೯ರಲ್ಲಿ, ಐವತ್ತೈದು ವರ್ಷ ದಾಟಿದ ಮೇಲೆ, ಆತನ ಬಾಳಿನ ಹಂಬಲವು ಕೈಗೂಡಿತು. ಸೆರಿನ್ಯಾನ್ ಎಂಬ ಹಳ್ಳಿಯ ಬದಿಯಲ್ಲಿ ಸುಮಾರು ಒಂದು ಹೆಕ್ಟೇರು, ಎಂದರೆ ನಮ್ಮ ಎರಡೂವರೆ ಎಕರೆಯಷ್ಟು ನೆಲವನ್ನೂ ಒಂದು ಮನೆಯನ್ನೂ ಕೊಂಡನು. ನೇಗಿಲು ಸಾಗದ ಕಲ್ಲುನೆಲವನ್ನು ಆ ಸೀಮೆಯವರು ಹರ್ಮಾಸ್ ಎಂದು ಕರೆಯುವರು. ಫಾಬ್ರೆಯ ಮನೆಗೂ ಅದೇ ಹೆಸರಾಯಿತು. ಹಂಗಳದ ಕಡೆಯವರು ಇದನ್ನು ತಮ್ಮ ಬೆಟ್ಟದ ತಪ್ಪಲಿನ ಬೀಳುಭೂಮಿಗೆ ಹೋಲಿಸಿ ಊಹಿಸಿಕೊಳ್ಳಬಹುದು. ಒಕ್ಕಲಿಗನು ಬೇಡವೆಂದು ಬಿಟ್ಟ ಮುಳ್ಳೂ ಕಳೆಯೂ ತುಂಬಿದ ಆ ನೆಲವು ಜೇನಿಗೂ ಕಣಜಕ್ಕೂ ಜೇಡಕ್ಕೂ ಸ್ವರ್ಗವಾಗಿತ್ತು. ಸಮುದ್ರದ ಜೀವಿಗಳನ್ನು ಪರೀಕ್ಷಿಸುವುದಕ್ಕೆ ದೇಶದೇಶಗಳಲ್ಲಿ ಕರಾವಳಿಯ ಪ್ರಯೋಗಶಾಲೆಗಳನ್ನು ಕಟ್ಟುವವರು, ನಮ್ಮ ಅನ್ನವನ್ನು ಬೆಳೆಯುವ ಹೊಲದ ಜೀವಿಗಳಿಗಾಗಿ ಒಂದು ಶಾಲೆಯನ್ನೂ ಕಟ್ಟಲಿಲ್ಲವೆಂಬುದು ಆತನ ದೂರು. ಸರ್ಕಾರವು ಮಾಡದುದನ್ನು ಆತನು ತನ್ನ ಸಂಪಾದನೆಯಿಂದ ಮಾಡಿದನು. ಇಂದು ಕಾಡುಗಳ ಅಂಚಿನಲ್ಲಿ ವಿದ್ವಾಂಸರು ನೆಲೆಸಿ ಜೀವಿಗಳನ್ನು ಅವುಗಳ ನೆಲೆಯಲ್ಲಿಯೇ ಪರೀಕ್ಷಿಸುವ ಕೇಂದ್ರಗಳಿಗೆ ಹರ್ಮಾಸನ್ನು ಒಂದು ಪೂರ್ವಿಕ ಮನೆಯೆಂದು ಕರೆದರೆ ತಪ್ಪಾಗದು.

ಅದೇ ಕಾಲದಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ರೆಜಿನಾಲ್ಡ್ ಪೊಕಾಕ್ ಎಂಬ ಪಂಡಿತನು ನಮ್ಮ ದೇಶದಿಂದ ಹೋದ ಜೇಡಗಳನ್ನು ಪರೀಕ್ಷಿಸಿ ಅವುಗಳಿಗೆ ಹೆಸರಿಡುತ್ತಿದ್ದನು. ಇಂಗ್ಲಿಷಿನಲ್ಲಿ ಮೈಸೂರಿನ ಹೆಸರನ್ನೇ ಹೊತ್ತಿರುವ, ಮರದ ಪೊಟರೆಗಳಲ್ಲಿ ವಾಸಿಸತಕ್ಕ ದೊಡ್ಡ ಜೇಡವನ್ನು ೧೮೯೫ರಲ್ಲಿ ಶಾಸ್ತ್ರಕ್ಕೆ ಪರಿಚಯಿಸಿದವನು ಆತನೇ. ಭಾರತದ ಜೇಡಗಳ ಮೇಲೆ ಆತನು ಬರೆದ ಗ್ರಂಥವು ೧೯೦೦ರಲ್ಲಿ ಪ್ರಕಟವಾಯಿತು. ಹೆಸರಿಲ್ಲದೆ ಶಾಸ್ತ್ರವು ನಡೆಯದು. ಆ ಕೆಲಸವೂ ಆಗತಕ್ಕದ್ದೇ. ಆದರೆ ಸೀಸೆಯೊಳಗಿನ ಜೇಡವು ತನ್ನ ಸಂಸಾರದ ಕಥೆಯನ್ನು ಹೇಳಲಾರದು. ಆ ಕಥೆಯನ್ನು ಕೇಳುವುದಕ್ಕಾಗಿ ಫಾಬ್ರೆಯು ಬಿಸಿಲಲ್ಲಿ ಕುಳಿತನು.

ಆತನು ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಹರ್ಮಾಸಿನ ನೆಲದಲ್ಲಿ ಬಿಲವನ್ನು ತೋಡಿ ವಾಸಿಸುವ ಒಂದು ದೊಡ್ಡ ಜೇಡವುಂಟು. ಬಲೆಯನ್ನು ಹೆಣೆಯದೆ ಓಡಿ ಬೇಟೆಯಾಡುವ ತೋಳಜೇಡಗಳ ಕುಲಕ್ಕೆ ಅದು ಸೇರಿದುದು. ಬಿಲದ ಬಾಯಿಯ ಸುತ್ತ ಹುಲ್ಲುಕಡ್ಡಿ ಕಲ್ಲುಹರಳುಗಳಿಂದ ಸಣ್ಣ ಕಟ್ಟೆಯನ್ನು ಅದು ಕಟ್ಟಿಕೊಳ್ಳುವುದು. ಫಾಬ್ರೆಯು ಅದಕ್ಕೆ ಕೆಂಪು, ಹಸುರು, ಹಳದಿ, ಬಿಳಿಯ ಉಣ್ಣೆಯ ತುಂಡುಗಳನ್ನು ಕೊಟ್ಟನು. ಜೇಡವು ಬಣ್ಣವನ್ನು ಲೆಕ್ಕಿಸದೆ ಎಲ್ಲವನ್ನೂ ಬಳಸಿ ಎರಡು ಅಂಗುಲ ಎತ್ತರದ ಗೋಪುರವನ್ನು ಕಟ್ಟಿತು. ತಾಯಿ ಜೇಡವು ಮೊಟ್ಟೆಗಳ ಉಂಡೆಯನ್ನು ಹಿಂಭಾಗಕ್ಕೆ ಅಂಟಿಸಿಕೊಂಡು ತಿರುಗುವುದು. ಬಿಸಿಲು ಬಂದಾಗ ಬಿಲದ ಬಾಯಿಗೆ ಬಂದು ವಾರಗಟ್ಟಲೆ ಅದನ್ನು ಬಿಸಿಲಿಗೆ ಒಡ್ಡಿ ತಿರುಗಿಸುತ್ತಾ ಕಾಯಿಸುವುದು. ಮರಿಗಳು ಹೊರಬಂದ ಮೇಲೆ ನೂರಾರು ಸಂಖ್ಯೆಯಲ್ಲಿ ತಾಯಿಯ ಬೆನ್ನನ್ನೇರಿ ತಿಂಗಳುಗಟ್ಟಲೆ ಅಲ್ಲಿಯೇ ಇರುವುವು. ಇದೇ ಕುಲದ ಜೇಡಗಳು ನಮ್ಮ ಹೊಲಗಳಲ್ಲಿಯೂ ಉಂಟು. ಬೆನ್ನ ತುಂಬ ಮರಿಗಳನ್ನು ಹೊತ್ತು ಓಡುವ ತಾಯಿಯನ್ನು ಕಳೆ ಕೀಳುವ ಹೆಂಗಸರು ಕಂಡಿರಬಹುದು.

ತಾಯಿಯ ಈ ವಾತ್ಸಲ್ಯವನ್ನು ಹೊಗಳಿ ಅಲ್ಲಿಗೇ ನಿಲ್ಲಿಸಿದ್ದರೆ ಫಾಬ್ರೆಯು ಬರಿಯ ಕವಿಯಾಗುತ್ತಿದ್ದನು. ಆತನು ಮೊಟ್ಟೆಯ ಉಂಡೆಯನ್ನು ಮೆಲ್ಲನೆ ತೆಗೆದು, ಅದೇ ಗಾತ್ರಕ್ಕೆ ಅರೆದು ಉಂಡೆ ಮಾಡಿದ ಬೆಂಡಿನ ಚೂರನ್ನು ಕೊಟ್ಟು ನೋಡಿದನು. ತಾಯಿಯು ಅದನ್ನೂ ಅಪ್ಪಿಕೊಂಡು ಹೊತ್ತು ತಿರುಗಿತು. ಅದ್ಭುತವಾದ ಕೌಶಲವೂ ಅಷ್ಟೇ ದೊಡ್ಡ ಕುರುಡುತನವೂ ಒಂದೇ ಜೀವಿಯಲ್ಲಿ ಕೂಡಿರುವುದನ್ನು ಆತನು ಮುಚ್ಚಿಡದೆ ಬರೆದನು.

ದುಂಡಾದ ಬಲೆಯನ್ನು ಹೆಣೆಯುವ ಜೇಡಗಳನ್ನೂ ಆತನು ರಾತ್ರಿಯ ವೇಳೆ ದೀಪವನ್ನು ಹಿಡಿದು, ಮನೆಯ ಮಕ್ಕಳನ್ನೆಲ್ಲ ಜೊತೆಗೆ ಕೂರಿಸಿಕೊಂಡು ನೋಡಿದನು. ಕೆಲವು ಜೇಡಗಳು ಹಗಲಲ್ಲಿ ಬಲೆಯಿಂದ ದೂರದಲ್ಲಿ ಎಲೆಗಳ ಮರೆಯಲ್ಲಿರುವುವು. ಬಲೆಯ ನಡುವಿನಿಂದ ಆ ಅಡಗುತಾಣದವರೆಗೆ ಒಂದೇ ಒಂದು ಎಳೆಯನ್ನು ಬಿಗಿದಿರುವುವು. ಮಿಡತೆಯು ಬಲೆಗೆ ಬಿದ್ದೊಡನೆ ತಂತಿಯ ವರ್ತಮಾನದಂತೆ ಆ ಎಳೆಯು ನಡುಗಿ ಸುದ್ದಿಯನ್ನು ಮುಟ್ಟಿಸುವುದು. ಫಾಬ್ರೆಯು ಕತ್ತರಿಯಿಂದ ಆ ಎಳೆಯನ್ನು ಕತ್ತರಿಸಿದ ಮೇಲೆ ಮಿಡತೆಯು ಎಷ್ಟು ಹೊರಳಾಡಿದರೂ ಜೇಡವು ಅಲುಗಲಿಲ್ಲ.

ಅಂಟಿನ ಬಲೆಗೆ ಜೇಡವೇ ಏಕೆ ಸಿಕ್ಕಿಕೊಳ್ಳುವುದಿಲ್ಲವೆಂಬ ಪ್ರಶ್ನೆಯನ್ನು ಸಹ ಆತನು ಕೇಳಿದನು. ಎಣ್ಣೆ ಸವರಿದ ಕಡ್ಡಿಗೆ ಬಲೆಯು ಅಂಟದಿದ್ದುದನ್ನು ಕಂಡು, ಜೇಡದ ಕಾಲಿನಲ್ಲಿಯೂ ಎಣ್ಣೆಯಂತಹ ಲೇಪವಿರಬೇಕೆಂದು ಊಹಿಸಿ, ಕೊಬ್ಬನ್ನು ಕರಗಿಸುವ ದ್ರವದಿಂದ ಒಂದು ಕಾಲನ್ನು ತೊಳೆದನು. ಆ ಕಾಲು ಬಲೆಗೆ ಅಂಟಿಕೊಂಡಿತು. ಶತಮಾನವೇ ಕಳೆದ ಮೇಲೆ, ೨೦೧೨ರಲ್ಲಿ ಮಧ್ಯ ಅಮೆರಿಕದ ಕೋಸ್ಟ ರೀಕ ಹಾಗೂ ಪನಾಮದ ಉಷ್ಣವಲಯ ಸಂಶೋಧನ ಸಂಸ್ಥೆಯ ಜೇಡತಜ್ಞರು ಇದೇ ಪರೀಕ್ಷೆಯನ್ನು ಮರಳಿ ಮಾಡಿ, ಕಾಲಿನ ಲೇಪದ ಜೊತೆಗೆ ಅಲ್ಲಿನ ಕವಲು ರೋಮಗಳೂ ಜೇಡದ ಎಚ್ಚರಿಕೆಯ ನಡೆಯೂ ಸೇರಿ ಅದನ್ನು ಕಾಪಾಡುವುವೆಂದು ಪ್ರಕಟಿಸಿದರು. ಬಡ ಮುದುಕನೊಬ್ಬನು ಹಳ್ಳಿಯ ಮನೆಯಲ್ಲಿ ಹಚ್ಚಿದ ದೀಪವು ಇಷ್ಟು ದೂರಕ್ಕೆ ಬೆಳಕನ್ನು ಬೀರಿತು.

ಇನ್ನೊಂದು ಪ್ರಸಂಗವನ್ನು ಹೇಳದೆ ಬಿಡಲಾರೆವು. ತೋಳಜೇಡದ ವಿಷದ ಶಕ್ತಿಯನ್ನು ತಿಳಿಯುವುದಕ್ಕಾಗಿ ಫಾಬ್ರೆಯು ಹಾರಲು ಕಲಿತ ಒಂದು ಗುಬ್ಬಚ್ಚಿಯ ಮರಿಯ ಕಾಲನ್ನು ಅದರಿಂದ ಕಚ್ಚಿಸಿದನು. ಕಾಲು ಸ್ವಾಧೀನ ತಪ್ಪಿತು. ಹೆಣ್ಣುಮಕ್ಕಳು ಮರಿಯನ್ನು ಎತ್ತಿಕೊಂಡು ನೊಣ, ರೊಟ್ಟಿಯ ಚೂರು, ಹಣ್ಣಿನ ತಿರುಳನ್ನು ಉಣಿಸಿ ಉಪಚರಿಸಿದರು; ಬದುಕುವುದೆಂದು ಎಲ್ಲರೂ ನಂಬಿದರು. ಎರಡು ದಿನಗಳ ಮೇಲೆ ಅದು ಸತ್ತಿತು. ಆ ರಾತ್ರಿ ಊಟದ ಹೊತ್ತಿನಲ್ಲಿ ಮಕ್ಕಳು ತಂದೆಯೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ಮೌನದಲ್ಲಿದ್ದ ಆಕ್ಷೇಪಣೆಯನ್ನು ಆತನು ಅರಿತುಕೊಂಡನು; ತನ್ನ ಮನಸ್ಸಿಗೂ ನೋವಾಯಿತೆಂದು ಗ್ರಂಥದಲ್ಲಿಯೇ ಒಪ್ಪಿಕೊಂಡನು. ಜ್ಞಾನದ ಹೆಸರಿನಿಂದ ಏನನ್ನು ಬೇಕಾದರೂ ಮಾಡಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಸಭೆಗಳಲ್ಲಿ ಚರ್ಚಿಸುವುದಕ್ಕೆ ಎಷ್ಟೋ ಮೊದಲೇ ಆ ಬಾಲಿಕೆಯರು ತಮ್ಮ ತಂದೆಯ ಮುಂದೆ ಇಟ್ಟಿದ್ದರು.

ಫಾಬ್ರೆಯು ತಪ್ಪದವನೆಂದು ನಾವು ಹೇಳುವುದಿಲ್ಲ. ಬಲೆಯ ಅಂಟೆಳೆಯು ಒಳಗೆ ಟೊಳ್ಳಾದ ಕೊಳವೆಯೆಂದು ಆತನು ಭಾವಿಸಿದನು. ಎಳೆಯ ಮೇಲೆ ಸಾಲಾಗಿ ಕುಳಿತ ಸಣ್ಣ ಹನಿಗಳೇ ಅಂಟೆಂದು ಈಗ ತಿಳಿದಿರುತ್ತದೆ. ಡಾರ್ವಿನ್ನನನ್ನು ಗೌರವಿಸಿ ಆತನೊಡನೆ ಪತ್ರವ್ಯವಹಾರವನ್ನು ನಡೆಯಿಸಿದರೂ ಜೀವವಿಕಾಸದ ಸಿದ್ಧಾಂತವನ್ನು ಕಡೆಯವರೆಗೂ ಒಪ್ಪಲಿಲ್ಲ. ಆ ವಾದದಲ್ಲಿ ಗೆದ್ದವನು ಡಾರ್ವಿನ್ನನೇ. ಕಣಜಗಳ ಹುಟ್ಟರಿವು ಎಂದಿಗೂ ತಪ್ಪದೆಂಬ ಫಾಬ್ರೆಯ ಮಾತೂ ಹಿಂದಿನವರ ಪರೀಕ್ಷೆಗಳಂತೆಯೇ ತಿದ್ದಲ್ಪಟ್ಟಿತು. ಆದರೆ ಆತನು ಕಣ್ಣಾರೆ ಕಂಡು ಬರೆದುದರಲ್ಲಿ ಬಹುಭಾಗವು ಇಂದಿಗೂ ನಿಂತಿರುತ್ತದೆ.

ಆತನ ಮಹಾಗ್ರಂಥವು ೧೮೭೯ರಿಂದ ೧೯೦೭ರವರೆಗೆ ಹತ್ತು ಸಂಪುಟಗಳಾಗಿ ಹೊರಬಂದಿತು. ಪಂಡಿತರಿಗೆ ಮಾತ್ರ ತಿಳಿಯುವ ಭಾಷೆಯನ್ನು ಬಿಟ್ಟು, ಹಳ್ಳಿಯವರಿಗೂ ಮಕ್ಕಳಿಗೂ ತಿಳಿಯುವ ಮಾತಿನಲ್ಲಿ ಬರೆದುದಕ್ಕಾಗಿ ಕೆಲವರು ಅದನ್ನು ಹಗುರವೆಂದು ಬಗೆದರು. ಜೇಡಗಳ ಮೇಲಣ ಅಧ್ಯಾಯಗಳು ೧೯೧೨ರಲ್ಲಿ ಇಂಗ್ಲಿಷಿನಲ್ಲಿ ಪ್ರತ್ಯೇಕ ಪುಸ್ತಕವಾದುವು. ಜಪಾನಿನ ಮಕ್ಕಳು ಇಂದಿಗೂ ಆತನ ಕಥೆಗಳನ್ನು ಪ್ರೀತಿಯಿಂದ ಓದುವರು. ಮುಪ್ಪಿನಲ್ಲಿ ಬಡತನವು ಮತ್ತೆ ಬಾಧಿಸಿದಾಗ ಸ್ನೇಹಿತರು ೧೯೧೦ರಲ್ಲಿ ಸೆರಿನ್ಯಾನಿನಲ್ಲಿ ಉತ್ಸವವನ್ನು ನಡೆಯಿಸಿ ದೇಶದ ಗಮನವನ್ನು ಸೆಳೆದರು. ೧೯೧೩ರಲ್ಲಿ ಫ್ರಾನ್ಸಿನ ಅಧ್ಯಕ್ಷನು ತಾನೇ ಬಂದು ಆತನಿಗೆ ವಂದಿಸಿದನು. ೧೯೧೫ನೆಯ ಅಕ್ಟೋಬರ್ ೧೧ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ಫಾಬ್ರೆಯು ಹರ್ಮಾಸಿನಲ್ಲಿ ಕಣ್ಣುಮುಚ್ಚಿದನು. ೧೯೨೨ರಲ್ಲಿ ಸರ್ಕಾರವು ಆ ಮನೆಯನ್ನೂ ನೆಲವನ್ನೂ ಕೊಂಡು ಪ್ಯಾರಿಸಿನ ಪ್ರಕೃತಿಚರಿತ್ರೆಯ ಸಂಗ್ರಹಾಲಯಕ್ಕೆ ಸೇರಿಸಿತು.

ಈಗ ನಾವು ಮರಳಿ ಹಂಗಳದ ಬೇಲಿಗೆ ಬರೋಣ. ಬಲೆ ಹೆಣೆದು ತಲೆಕೆಳಗಾಗಿ ಕುಳಿತ ಜೇಡವು ಫಾಬ್ರೆಯು ತನ್ನ ಮಕ್ಕಳೊಡನೆ ನೋಡಿದ ಪಟ್ಟೆಯ ಜೇಡದ ಹತ್ತಿರದ ಬಂಧು. ಮುಳ್ಳುಗಿಡದಲ್ಲಿ ಒಟ್ಟಾಗಿ ಬಾಳುವ ಜೇಡಗಳ ಸಂಸಾರವನ್ನು ಫಾಬ್ರೆಯು ಕಾಣಲಿಲ್ಲ. ಅದನ್ನು ನಮ್ಮ ದಕ್ಷಿಣ ಭಾರತದಲ್ಲಿ ಪರೀಕ್ಷಿಸುತ್ತಿರುವ ವಿದ್ವಾಂಸರಲ್ಲಿ ತಿರುವನಂತಪುರದ ವಿಜ್ಞಾನ ಸಂಸ್ಥೆಯ ಡಾಕ್ಟರ್ ಹೇಮಾ ಸೋಮನಾಥನ್ ಅವರೂ ಅವರ ಶಿಷ್ಯರೂ ಸೇರಿರುವರು. ಹೂವಿನ ಪಾಠವನ್ನು ಕೇಳಿದುದೇ ಹೆಣ್ಣುಮಕ್ಕಳಿಗೆ ಅಪರಾಧವಾಗಿದ್ದ ಕಾಲವು ಹೋಗಿ, ಸ್ತ್ರೀಯರೇ ಮುಂದೆ ನಿಂತು ಜೇಡಗಳ ಪಾಠವನ್ನು ಲೋಕಕ್ಕೆ ಹೇಳುವ ಕಾಲವು ಬಂದಿರುತ್ತದೆ.

ಆದರೂ ನಮ್ಮ ಮನೆಗಳಲ್ಲಿ ಹಳೆಯ ಮಾತು ಪೂರ್ಣವಾಗಿ ಅಡಗಿಲ್ಲ. ಹುಡುಗಿಗೆ ಹುಳುಗಳ ವಿದ್ಯೆಯಿಂದ ಏನು ಪ್ರಯೋಜನ, ಹೊಲಕಾಡುಗಳಲ್ಲಿ ಅಲೆಯುವ ಓದು ಅವಳಿಗೇಕೆ, ಹತ್ತನೆಯ ತರಗತಿಯಾದರೆ ಸಾಲದೇ ಎಂದು ಕೇಳುವ ತಂದೆಗಳನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಅವರಲ್ಲಿ ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ನಾವು ಹೇಳುವುದಿಲ್ಲ, ಅಂಜಿಕೆಯುಂಟು. ಆವಿನ್ಯೋನಿನ ಜನರಲ್ಲಿದ್ದುದೂ ಆ ಅಂಜಿಕೆಯೇ. ಅದರಿಂದ ಒಬ್ಬ ಸತ್ಪುರುಷನಿಗೆ ಮನೆಯು ಹೋಯಿತು. ಆ ಊರಿನ ಹೆಣ್ಣುಮಕ್ಕಳಿಗಾದರೋ ಅಂತಹ ಉಪಾಧ್ಯಾಯನು ತಪ್ಪಿಹೋದನು. ಹೆಚ್ಚಿನ ನಷ್ಟವು ಯಾರದೆಂಬುದನ್ನು ತಾಯಿತಂದೆಗಳೇ ತೂಗಿನೋಡಲಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮಗಳು ಜೇಡವೊಂದನ್ನು ತೋರಿಸಲು ನಿಮ್ಮ ಸೆರಗನ್ನು ಹಿಡಿದೆಳೆದರೆ ಪೊರಕೆಯನ್ನು ಸ್ವಲ್ಪ ಹೊತ್ತು ಕೆಳಗಿಡಿರಿ. ಅವಳ ಜೊತೆಗೆ ಬಗ್ಗಿ ನೋಡಿರಿ.